ಒಡವೆಯ ವಜ್ರ ಗಣಿಯದೋ, ಲ್ಯಾಬಿನದೋ: ಬಿಲ್ಲಿನಲ್ಲಿ ಏನಿರಬೇಕು, ಮೋಸವಾದರೆ ಎಲ್ಲಿಗೆ ಹೋಗಬೇಕು

ಒಡವೆ ಅಂಗಡಿಗಳಲ್ಲಿ ಪೆನ್ನಿನಂಥ ಒಂದು ಉಪಕರಣ ಇರುತ್ತದೆ. ಅದರ ತುದಿಯನ್ನು ಹರಳಿಗೆ ತಾಗಿಸಿದರೆ ಕೀಂ ಎಂದು ಸದ್ದು ಬರುತ್ತದೆ. 'ನೋಡಿ ಮೇಡಂ, ನಿಜವಾದ ವಜ್ರ' ಎನ್ನುತ್ತಾರೆ. ಆ ಮಾತು ಸುಳ್ಳೇನಲ್ಲ. ಆದರೆ ಹರಳು ಎಷ್ಟು ಬೇಗ ಶಾಖ ಹರಿಸುತ್ತದೆ ಎಂಬುದನ್ನಷ್ಟೇ ಆ ಉಪಕರಣ ಅಳೆಯುತ್ತದೆ. ಗಣಿಯಿಂದ ತೆಗೆದ ವಜ್ರಕ್ಕೂ ಯಂತ್ರದೊಳಗೆ ಕೆಲವೇ ವಾರಗಳಲ್ಲಿ ಬೆಳೆದ ವಜ್ರಕ್ಕೂ ಅದು ಕೊಡುವ ಉತ್ತರ ಒಂದೇ. ಬೆಲೆ ಮಾತ್ರ ಒಂದೇ ಅಲ್ಲ. ಅದೇ ತೂಕದ, ಅದೇ ಹೊಳಪಿನ ಲ್ಯಾಬ್ ವಜ್ರ ಗಣಿ ವಜ್ರಕ್ಕಿಂತ ಹಲವು ಪಟ್ಟು ಅಗ್ಗ. ಕಣ್ಣಿಗೆ ಕಾಣದ ಈ ವ್ಯತ್ಯಾಸಕ್ಕೆ ಲಕ್ಷಗಟ್ಟಲೆ ಬೆಲೆ ಇರುವುದರಿಂದಲೇ ಕಾನೂನು ತಿಳಿದಿರುವುದು ಅಗತ್ಯ.

ಮೊದಲು ಒಂದು ತಪ್ಪು ಕಲ್ಪನೆ ಹೋಗಬೇಕು. ಲ್ಯಾಬಿನಲ್ಲಿ ಬೆಳೆಸಿದ ವಜ್ರ ನಕಲಿ ಅಲ್ಲ. ಅದು 'ಅಮೆರಿಕನ್ ಡೈಮಂಡ್' ಎಂದು ಮಾರುವ ಜಿರ್ಕೋನಿಯಾ ಹರಳೂ ಅಲ್ಲ, ಮೊಯ್ಸನೈಟ್ ಕೂಡ ಅಲ್ಲ. ಅಪ್ಪಟ ಇಂಗಾಲದ ಹರಳು. ಗಡಸುತನ, ಸಾಂದ್ರತೆ, ಬೆಳಕು ಬಾಗಿಸುವ ಗುಣ ಎಲ್ಲವೂ ಗಣಿ ವಜ್ರದವೇ. ಬೆಳೆಸಲು ಎರಡು ವಿಧಾನಗಳಿವೆ. ಭಾರೀ ಒತ್ತಡ ಮತ್ತು ಭಾರೀ ಉಷ್ಣತೆಯಲ್ಲಿ ಇಂಗಾಲವನ್ನು ವಜ್ರವಾಗಿಸುವುದು ಎಚ್‌ಪಿಎಚ್‌ಟಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು 1954ರಲ್ಲೇ ಇದನ್ನು ಸಾಧಿಸಿದ್ದರು. ಮೀಥೇನ್ ಅನಿಲದಿಂದ ಇಂಗಾಲವನ್ನು ಬಿಡಿಸಿ ಪುಟ್ಟ ವಜ್ರದ ಬಿಲ್ಲೆಯ (ಬೀಜ ವಜ್ರ) ಮೇಲೆ ಪದರ ಪದರವಾಗಿ ಕೂರಿಸುವುದು ಸಿವಿಡಿ. ಭಾರತದಲ್ಲಿ ಸೂರತ್ ಇದರ ದೊಡ್ಡ ಕೇಂದ್ರ. 2023ರ ಕೇಂದ್ರ ಬಜೆಟ್ ಈ ಉದ್ಯಮಕ್ಕೆ ಬೇಕಾದ ಬೀಜ ವಜ್ರಗಳ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿತು. ಸಂಶೋಧನೆಗೆಂದು ಐಐಟಿ ಮದ್ರಾಸಿಗೆ ಐದು ವರ್ಷಕ್ಕೆ ಸುಮಾರು ₹243 ಕೋಟಿ ಅನುದಾನವೂ ಸಿಕ್ಕಿತು. ಸರ್ಕಾರವೇ ಬೆಂಬಲಿಸುತ್ತಿರುವ ಸರಕು ಇದು. ಲ್ಯಾಬ್ ವಜ್ರ ಮಾರುವುದು ತಪ್ಪಲ್ಲ. ಅದು ಲ್ಯಾಬಿನದು ಎಂದು ಹೇಳದೆ ಮಾರುವುದು ತಪ್ಪು.

ಯಾವುದನ್ನು ಕೊಳ್ಳಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ತೊಡುವ ಖುಷಿಗಾದರೆ ಲ್ಯಾಬ್ ವಜ್ರವನ್ನು ಸಂಕೋಚವಿಲ್ಲದೆ ಕೊಳ್ಳಿ. ಆಪದ್ಧನ ಎಂದುಕೊಂಡು ಮಾತ್ರ ಎರಡನ್ನೂ ಕೊಳ್ಳಬೇಡಿ. ಚಿನ್ನಕ್ಕಿರುವಂತೆ ವಜ್ರಕ್ಕೆ ಪತ್ರಿಕೆಯಲ್ಲಿ ಬರುವ ದಿನದ ದರ ಇಲ್ಲ. ಗಣಿ ವಜ್ರವನ್ನು ಮರಳಿ ಮಾರಹೋದರೂ ಅಂಗಡಿಯವರು ಕೈಬಿಚ್ಚಿ ಕೊಡುವುದಿಲ್ಲ. ಲ್ಯಾಬ್ ವಜ್ರವನ್ನು ಎಷ್ಟೋ ಅಂಗಡಿಗಳು ವಾಪಸು ಮುಟ್ಟುವುದೂ ಇಲ್ಲ. ಗಣಿ ವಜ್ರಕ್ಕೆ ಹೆಸರಾದ ಡಿ ಬಿಯರ್ಸ್ ಕಂಪನಿ 2018ರಲ್ಲಿ ಕ್ಯಾರೆಟ್‌ಗೆ 800 ಡಾಲರ್ ದರ ಇಟ್ಟು 'ಲೈಟ್‌ಬಾಕ್ಸ್' ಹೆಸರಿನಲ್ಲಿ ಲ್ಯಾಬ್ ವಜ್ರದ ಒಡವೆ ಮಾರಲು ಹೊರಟಿತ್ತು. ಬೆಲೆ ಕುಸಿಯುತ್ತಲೇ ಹೋಗಿ, 2025ರಲ್ಲಿ ಆ ಬ್ರ್ಯಾಂಡನ್ನೇ ಮುಚ್ಚುವುದಾಗಿ ಪ್ರಕಟಿಸಿತು.

ಇನ್ನು ಕಾನೂನಿಗೆ ಬರೋಣ. ಭಾರತೀಯ ಮಾನಕ ಬ್ಯೂರೊದ ಐಎಸ್ 15766:2007 ಮಾನಕದ ಪ್ರಕಾರ, ಯಾವ ವಿಶೇಷಣವೂ ಇಲ್ಲದೆ ಬರಿದೇ 'ವಜ್ರ' ಎಂದರೆ ಅದು ನೈಸರ್ಗಿಕ ವಜ್ರ ಮಾತ್ರ. ಕೃತಕವಾಗಿ ಬೆಳೆಸಿದ್ದನ್ನು ಹಾಗೆಂದು ಸ್ಪಷ್ಟವಾಗಿ ಹೇಳದೆ 'ವಜ್ರ' ಎಂದು ಕರೆಯುವಂತಿಲ್ಲ. 2024ರ ಕೊನೆಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ವಜ್ರೋದ್ಯಮದವರೊಂದಿಗೆ ಸಮಾಲೋಚನೆ ನಡೆಸಿ ಇದನ್ನೇ ಒತ್ತಿ ಹೇಳಿತು. ಅದೇ ವರ್ಷ ಆಮದು ದಾಖಲೆಗಳಲ್ಲೂ ವಜ್ರ ನೈಸರ್ಗಿಕವೋ ಬೆಳೆಸಿದ್ದೋ, ಬೆಳೆಸಿದ್ದಾದರೆ ಯಾವ ವಿಧಾನದಿಂದ ಎಂಬುದನ್ನು ಘೋಷಿಸುವುದು ಕಡ್ಡಾಯವಾಯಿತು. ಆಮದುದಾರನಿಗೆ ಗೊತ್ತಿರುವ ಸಂಗತಿ ಗಲ್ಲಾಪೆಟ್ಟಿಗೆಯ ಮುಂದೆ ನಿಂತ ನಿಮಗೂ ಗೊತ್ತಾಗಲೇಬೇಕು.

ನಿಮ್ಮ ಕೈಗೆ ನೇರವಾಗಿ ಬಲ ಕೊಡುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಸರಕಿನ ಗುಣಮಟ್ಟ, ಪ್ರಮಾಣ, ಶುದ್ಧತೆ, ಬೆಲೆಯ ಬಗ್ಗೆ ತಿಳಿಯುವುದು ಆ ಕಾಯ್ದೆಯಡಿ ನಿಮ್ಮ ಹಕ್ಕು. ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಚಿತ್ರಣ ಕೊಡುವುದು 'ಅನುಚಿತ ವ್ಯಾಪಾರ ಪದ್ಧತಿ'. ಬಿಲ್ ಕೊಡದಿರುವುದೂ ಅದೇ ಸಾಲಿಗೆ ಸೇರುತ್ತದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ವಾಪಸು ಪಡೆಯಲು ನಿರಾಕರಿಸುವುದೂ ಅಷ್ಟೇ. ಹೀಗಾಗಿ ದೋಷದ ಪ್ರಶ್ನೆ ಬಂದಾಗ, 'ಒಮ್ಮೆ ಮಾರಿದ ಮಾಲನ್ನು ಹಿಂಪಡೆಯುವುದಿಲ್ಲ' ಎಂಬ ಅಚ್ಚಾದ ಸಾಲಿಗೆ ಹೆದರಬೇಕಿಲ್ಲ. ಜಾಹೀರಾತಿನಲ್ಲಿ 'ಪರಿಸರಸ್ನೇಹಿ ವಜ್ರ' ಎಂದು ಕೊಚ್ಚಿಕೊಳ್ಳುವವರು ಅದಕ್ಕೆ ಆಧಾರ ತೋರಿಸಬೇಕೆಂದು ಪ್ರಾಧಿಕಾರದ 2024ರ ಮಾರ್ಗಸೂಚಿ ಹೇಳುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ ಹಾಕಬಹುದು.

ಹಕ್ಕು ಕಾಯ್ದೆಯಲ್ಲಿದ್ದರೂ ಅದನ್ನು ಸಾಬೀತು ಮಾಡುವುದು ಬಿಲ್ಲು. ಬಹುತೇಕ ಬಿಲ್ಲುಗಳಲ್ಲಿ 'ಡೈಮಂಡ್ ರಿಂಗ್, 4.250 ಗ್ರಾಂ' ಎಂದಷ್ಟೇ ಇರುತ್ತದೆ. ಅದು ಸಾಲದು. 'ನೈಸರ್ಗಿಕ ವಜ್ರ' ಅಥವಾ 'ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ' ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಹರಳುಗಳ ಸಂಖ್ಯೆ, ಒಟ್ಟು ಕ್ಯಾರೆಟ್ ತೂಕ, ಬಣ್ಣ, ಶುಭ್ರತೆ, ಪ್ರಮಾಣಪತ್ರದ ಸಂಖ್ಯೆ, ವಜ್ರದ ಬೆಲೆ ಬೇರೆ, ಚಿನ್ನದ ಬೆಲೆ ಬೇರೆ, ಮಜೂರಿ ಬೇರೆ, ಇವೆಲ್ಲ ಇರಲಿ. ತೂಕದ ಲೆಕ್ಕವನ್ನು ಅಲ್ಲೇ ಕೂತು ಮಾಡಿ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಅದರ ನೂರನೇ ಒಂದು ಭಾಗ ಒಂದು ಸೆಂಟ್. 4.250 ಗ್ರಾಂ ಉಂಗುರದಲ್ಲಿ 75 ಸೆಂಟ್ ವಜ್ರವಿದ್ದರೆ ಹರಳಿನ ತೂಕ 0.150 ಗ್ರಾಂ. ಚಿನ್ನ ಇರುವುದು 4.100 ಗ್ರಾಂ. ದರ ಹಾಕಬೇಕಾದ್ದು ಇಷ್ಟಕ್ಕೇ. ಒಟ್ಟು ತೂಕಕ್ಕೆ ಚಿನ್ನದ ದರ ಹಾಕಿ, ವಜ್ರಕ್ಕೆ ಮತ್ತೆ ಪ್ರತ್ಯೇಕ ಬೆಲೆ ಹಾಕಿದ್ದರೆ ಒಂದೇ ಹರಳಿಗೆ ಎರಡು ಸಲ ದುಡ್ಡು ಕೊಟ್ಟಂತೆ. ತೂಕದ ಮೋಸಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಗೂ ದೂರು ಕೊಡಬಹುದು.

ಹಾಲ್‌ಮಾರ್ಕ್ ನೋಡಿ ನಿಶ್ಚಿಂತರಾಗುವವರು ಬಹಳ. ಒಡವೆಯ ಮೇಲಿನ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ. ವಜ್ರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ವಜ್ರಕ್ಕೆ ಜಿಐಎ, ಐಜಿಐನಂಥ ಸಂಸ್ಥೆಗಳ ಪ್ರಮಾಣಪತ್ರವೇ ಆಧಾರ. ಲ್ಯಾಬ್ ವಜ್ರಕ್ಕೆ ಕೊಡುವ ಪತ್ರದಲ್ಲಿ ಅದು ಬೆಳೆಸಿದ್ದು ಎಂದು ಮುದ್ರಿತವಾಗಿರುತ್ತದೆ. ತಲೆಬರಹ ಓದದೆ ಅಂಕಿಗಳಿಗೆ ಕಣ್ಣು ಹಾಯಿಸುವವರಿಗೆ ಇದು ತಪ್ಪಿಹೋಗುತ್ತದೆ. ಪತ್ರದ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ನೀವೇ ಹಾಕಿ ನೋಡಿ. ಹರಳಿನ ಅಂಚಿನ ಮೇಲೆ ಲೇಸರ್‌ನಿಂದ ಕೆತ್ತಿದ ಸಂಖ್ಯೆ ಇದ್ದರೆ, ಹತ್ತು ಪಟ್ಟು ಹಿಗ್ಗಿಸುವ ಕನ್ನಡಿಯಲ್ಲಿ ತೋರಿಸಲು ಕೇಳಿ. ಹರಳನ್ನು ಒಡವೆಗೆ ಕೂರಿಸಿದ ಮೇಲೆ ಆ ಅಂಚು ಮುಚ್ಚಿಹೋಗಬಹುದು. ಆರ್ಡರ್ ಕೊಟ್ಟು ಮಾಡಿಸುವುದಾದರೆ ಬಿಡಿ ಹರಳನ್ನೇ ಮೊದಲು ನೋಡಿ.

ನಮ್ಮಲ್ಲಿ ಮದುವೆಗೆ ಮಾಡಿಸುವ ಏಳು ಹರಳಿನ ವಜ್ರದ ಓಲೆ, ಮೂಗುಬೊಟ್ಟುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಣ್ಣ ಹರಳುಗಳಿಗೆ ಒಂದೊಂದಕ್ಕೂ ಪ್ರಮಾಣಪತ್ರ ಮಾಡಿಸುವ ರೂಢಿ ಇಲ್ಲ. ಹಿಂಬದಿ ಮುಚ್ಚಿದ ಕಟ್ಟಡದ ಓಲೆಯಲ್ಲಿ ಹರಳನ್ನು ಪರೀಕ್ಷಿಸುವುದೂ ಕಷ್ಟ. ಗಣಿ ಹರಳುಗಳ ನಡುವೆ ನಾಲ್ಕಾರು ಲ್ಯಾಬ್ ಹರಳು ಬೆರೆಸಿದರೆ ಬರಿಗಣ್ಣಿಗೆ ತಿಳಿಯುವುದಿಲ್ಲ. ಇಲ್ಲಿ ನಿಮ್ಮನ್ನು ಕಾಯುವುದು 'ಎಲ್ಲ ಹರಳುಗಳೂ ನೈಸರ್ಗಿಕ' ಎಂದು ಬಿಲ್ಲಿನಲ್ಲಿ ಬರೆಸಿಕೊಂಡ ಸಾಲು. ಬರೆದುಕೊಡಲು ಅಂಗಡಿಯವರು ಹಿಂಜರಿದರೆ ಅಲ್ಲಿ ಕೊಳ್ಳಬೇಡಿ. ವಿನಿಮಯ, ಮರುಖರೀದಿಗೆ ಎಷ್ಟು ಶೇಕಡಾ ಕೊಡುತ್ತಾರೆ, ಅಂದಿನ ಬೆಲೆಗೋ ಬಿಲ್ಲಿನ ಬೆಲೆಗೋ ಎಂಬುದೂ ಬಾಯಿಮಾತಿನಲ್ಲಿ ಉಳಿಯಬಾರದು.

ಕೊಂಡ ಮೇಲೆ ಅನುಮಾನ ಬಂದರೆ? ಒಡವೆಯನ್ನು ಅದೇ ಅಂಗಡಿಗೆ ಒಯ್ದು ಬಿಟ್ಟುಬರಬೇಡಿ. ಇಂಥ ವ್ಯಾಜ್ಯದಲ್ಲಿ ಅಂಗಡಿಯವರು ಎತ್ತಬಹುದಾದ ಮೊದಲ ವಾದವೇ 'ಹರಳನ್ನು ಹೊರಗೆ ಬದಲಾಯಿಸಿದ್ದಾರೆ' ಎಂಬುದು. ಆದ್ದರಿಂದ ಒಡವೆಯ ಎಲ್ಲ ಕಡೆಯ ಫೋಟೊ ತೆಗೆದು, ತೂಕ ಬರೆದಿಟ್ಟು, ಸ್ವತಂತ್ರ ರತ್ನ ಪರೀಕ್ಷಾ ಪ್ರಯೋಗಾಲಯದಿಂದ ಲಿಖಿತ ವರದಿ ಪಡೆಯಿರಿ. ಕೊಂಡ ಕೆಲವೇ ದಿನಗಳಲ್ಲಿ ಮಾಡಿಸಿದ ವರದಿಗೆ ತೂಕ ಹೆಚ್ಚು. ನಂತರ ಅಂಗಡಿಗೆ ಸ್ಪೀಡ್ ಪೋಸ್ಟ್ ಅಥವಾ ಇ-ಮೇಲ್ ಮೂಲಕ ನೋಟಿಸ್ ಕೊಡಿ: ಏನು ಹೇಳಿ ಮಾರಿದರು, ವರದಿ ಏನು ಹೇಳುತ್ತದೆ, ನಿಮಗೇನು ಬೇಕು, ಎಷ್ಟು ದಿನದೊಳಗೆ. ನಾಲ್ಕು ವಾಕ್ಯ ಸಾಕು. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು.

ಇದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಖರ್ಚಿಲ್ಲ, ಕೆಲವು ಪ್ರಕರಣಗಳು ಅಲ್ಲೇ ಮುಗಿಯುತ್ತವೆ. ಆದರೆ ಆದೇಶ ಮಾಡುವ ಅಧಿಕಾರ ಸಹಾಯವಾಣಿಗಿಲ್ಲ; ಆ ಅಧಿಕಾರ ಇರುವುದು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ. ಒಡವೆಗೆ ಕೊಟ್ಟ ಹಣ ₹50 ಲಕ್ಷದವರೆಗೆ ಇದ್ದರೆ ದೂರು ಹೋಗುವುದು ಅಲ್ಲಿಗೇ. ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಹಾಸನದ ಮಹಿಳೆ ಹಾಸನದಲ್ಲೇ ದೂರು ಹೂಡಬಹುದು, ಏಕೆಂದರೆ ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಹೂಡಲು ಕಾಯ್ದೆ ಅವಕಾಶ ಕೊಟ್ಟಿದೆ. ಅಪ್ಪ ದುಡ್ಡು ಕೊಟ್ಟು ಮಗಳಿಗೆ ಕೊಡಿಸಿದ ಓಲೆಯಾದರೆ ಮಗಳೂ ಗ್ರಾಹಕಳೇ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ಮರುಮಾರಾಟಕ್ಕೆಂದು ಕೊಂಡವರು ಮಾತ್ರ ಬರುವುದಿಲ್ಲ.

ಶುಲ್ಕ ಕೇಳಿ ಹಿಂಜರಿಯುವಂತಿಲ್ಲ. ಕೊಟ್ಟ ಬೆಲೆ ₹5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ₹10 ಲಕ್ಷದವರೆಗೆ ₹200, ₹20 ಲಕ್ಷದವರೆಗೆ ₹400, ₹50 ಲಕ್ಷದವರೆಗೆ ₹1,000. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ. ಬೇಕೆನಿಸಿದರೆ, ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಅದರ ಸಹಾಯವಾಣಿ 15100. ದೂರಿನೊಂದಿಗೆ ಬಿಲ್ಲು, ಪ್ರಮಾಣಪತ್ರ, ಪರೀಕ್ಷಾ ವರದಿ, ನೋಟಿಸ್, ಜಾಹೀರಾತು, ಹಣ ಕೊಟ್ಟ ದಾಖಲೆ ಇರಲಿ. ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸಬೇಡಿ, ಫೋನ್ ಬದಲಿಸಿದರೂ ಹಳೆಯದನ್ನು ಇಟ್ಟುಕೊಳ್ಳಿ.

ಆಯೋಗದ ಮುಂದೆ ನಡೆಯುವುದರಲ್ಲಿ ವಜ್ರ ಕೊಂಡವರು ಮುಖ್ಯವಾಗಿ ತಿಳಿಯಬೇಕಾದದ್ದು 38ನೇ ಕಲಂ. ಪರೀಕ್ಷೆ ಇಲ್ಲದೆ ದೋಷ ನಿರ್ಧರಿಸಲಾಗದು ಎನಿಸಿದರೆ ಆಯೋಗವೇ ಒಡವೆಯನ್ನು ಮೊಹರು ಮಾಡಿ ಸೂಕ್ತ ಪ್ರಯೋಗಾಲಯಕ್ಕೆ ಕಳಿಸುತ್ತದೆ. ವರದಿಗೆ ಸಾಮಾನ್ಯವಾಗಿ 45 ದಿನ. ಖರ್ಚನ್ನು ಮೊದಲು ದೂರುದಾರರಿಂದಲೇ ಕಟ್ಟಿಸಿಕೊಳ್ಳಬಹುದು. ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ, ಕಾರಣವಿದ್ದರೆ ಇನ್ನೂ 15 ದಿನ. ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ತೀರ್ಪಿತ್ತಿದೆ. ಪರೀಕ್ಷೆ ಬೇಕಾದ ಪ್ರಕರಣವನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ಬಾಕಿ ಪ್ರಕರಣಗಳ ಹೊರೆಯಿಂದ ತಡವಾಗುವುದುಂಟು. ತಾಳ್ಮೆ ಬೇಕು. ಹಣ ವಾಪಸು, ಬದಲಿ ವಜ್ರ, ಪರಿಹಾರ, ದಾವೆ ಖರ್ಚು ಎಲ್ಲವನ್ನೂ ಕೊಡಿಸುವ ಅಧಿಕಾರ ಆಯೋಗಕ್ಕಿದೆ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಅಥವಾ ₹25,000ಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ ಆಗಬಹುದು. ತೀರ್ಪು ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ. ಗೊತ್ತಿದ್ದೂ ಮೋಸ ಮಾಡಿದ್ದಕ್ಕೆ ಸಾಕ್ಷ್ಯವಿದ್ದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅಡಿ ಪೊಲೀಸ್ ದೂರಿಗೂ ದಾರಿಯಿದೆ. ಹಣ ಮರಳಬೇಕೆನ್ನುವವರಿಗೆ ಗ್ರಾಹಕ ಆಯೋಗವೇ ಹತ್ತಿರದ ದಾರಿ ಎಂಬುದು ನನ್ನ ಅಭಿಪ್ರಾಯ.

ಅವಧಿಯ ಮಾತೊಂದು ಉಳಿದಿದೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಆಯೋಗಕ್ಕೆ ಹೋಗಬೇಕು. ಮೋಸ ಗೊತ್ತಾದ ದಿನದಿಂದ ಲೆಕ್ಕ ಹಿಡಿಯಬೇಕೆಂದು ವಾದಿಸಬಹುದು, ತಡವಾದದ್ದಕ್ಕೆ ಕಾರಣ ಕೊಟ್ಟು ಮನ್ನಿಸಲೂ ಕೇಳಬಹುದು; ಆದರೆ ಆ ವಾದಕ್ಕೇ ಅವಕಾಶ ಕೊಡದಿರುವುದು ಕ್ಷೇಮ. ಕಳೆದ ಎರಡು ವರ್ಷದೊಳಗೆ ವಜ್ರದ ಒಡವೆ ಕೊಂಡವರು ದಯವಿಟ್ಟು ಬಿಲ್ಲನ್ನು ಬೀರುವಿನಿಂದ ತೆಗೆದು ಓದಿ. ಹರಳು ಗಣಿಯದೋ ಲ್ಯಾಬಿನದೋ ಎಂದು ಅದರಲ್ಲಿ ಇಲ್ಲದಿದ್ದರೆ, ಅಂಗಡಿಗೆ ಇವತ್ತೇ ಒಂದು ಇ-ಮೇಲ್ ಬರೆದು ಲಿಖಿತ ಉತ್ತರ ಕೇಳಿ.