ಬೆನ್ನು ಹತ್ತಿದ ಹೊಲಿಗೆ ಯಂತ್ರ

ಹಲಕುಂದಿಯ ತಂಗಿಗೆ,

ಜೀನ್ಸ್ ಹೊಲಿಯುವ ಯಂತ್ರದ ಬೆಲೆ ಒಮ್ಮೆ ನೋಡಿದ್ದಕ್ಕೆ ಎಲ್ಲಿ ಹೋದರೂ ಅದೇ ಜಾಹೀರಾತು, ಫೋನ್ ನಮ್ಮ ಮಾತು ಕದ್ದು ಕೇಳುತ್ತದೆಯೇ ಎಂದಿದ್ದೀರಿ. ಕೇಳುವ ಅಗತ್ಯವೇ ಇಲ್ಲಮ್ಮ. ನೀವು ಹುಡುಕಿದ್ದು, ಇರುವ ಊರು, ಎಷ್ಟು ಹೊತ್ತು ನೋಡಿದಿರಿ ಎಂಬುದೇ ಸಾಕು. ಆಂಡ್ರಾಯ್ಡ್ ಫೋನಿಗೆ ಜಾಹೀರಾತಿಗೆಂದೇ ಒಂದು ಗುರುತು ಸಂಖ್ಯೆ ಇರುತ್ತದೆ. ಬೇರೆ ಬೇರೆ ಆ್ಯಪ್‌ಗಳು ಕಲೆಹಾಕಿದ್ದನ್ನು ಪೋಣಿಸುವ ದಾರ ಅದು. ಪುಟ ತೆರೆದುಕೊಳ್ಳುವಷ್ಟರಲ್ಲಿ ಅಲ್ಲಿ ಜಾಹೀರಾತಿಗೆಂದು ಬಿಟ್ಟ ಖಾಲಿ ಜಾಗದ ಹರಾಜು ಮುಗಿದಿರುತ್ತದೆ. ಎಪಿಎಂಸಿಯ ಶೇಂಗಾ ಹರಾಜಿನಂತೆಯೇ, ಚೀಲದಲ್ಲಿರುವುದು ಮಾತ್ರ ನಿಮ್ಮ ಗಮನ.

ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ಆ್ಯಡ್ಸ್ ಒತ್ತಿ, ಅಡ್ವರ್ಟೈಸಿಂಗ್ ಐಡಿ ಅಳಿಸಿ. ಟಾರ್ಚ್ ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ಕಿತ್ತುಕೊಳ್ಳಿ. ಜಾಹೀರಾತು ನಿಲ್ಲುವುದಿಲ್ಲ, ಬೆನ್ನು ಹತ್ತುವುದು ತಗ್ಗುತ್ತದೆ.

ಮುಚ್ಚಿಡಲು ನನ್ನಲ್ಲೇನಿದೆ ಎಂದೂ ಬರೆದಿದ್ದೀರಿ. ಇದನ್ನು ಒಪ್ಪಲಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲೇ ಅಲ್ಲವೇ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದದ್ದು? 2023ರ ದತ್ತಾಂಶ ರಕ್ಷಣಾ ಕಾಯ್ದೆಯಂತೂ ಮಕ್ಕಳನ್ನು ಗುರಿಯಾಗಿಸುವ ಜಾಹೀರಾತು ಬೇಡವೆನ್ನುತ್ತದೆ. ಆದರೆ ನಿಮ್ಮ ಮಗ ನೋಡುವುದು ನಿಮ್ಮ ಫೋನನ್ನೇ. ಅವನೂ ದೊಡ್ಡವನೆಂದೇ ಲೆಕ್ಕ. ಅವನಿಗೆ ಬೇರೆ ಖಾತೆ ತೆರೆದುಕೊಡಿ.