ಕಳೆಯ ಕಸುವು

ತುರುವೇಕೆರೆ ತಾಲ್ಲೂಕಿನ ದಂಡಿನಶಿವರದ ಸುತ್ತಮುತ್ತ ಯಾವ ದಾರಿ ಹಿಡಿದು ನಡೆದರೂ ತೆಂಗಿನ ತೋಟದ ನೆರಳು ನಮ್ಮನ್ನು ಬಿಡುವುದಿಲ್ಲ. ಅತ್ತ ತಿಪಟೂರು, ಇತ್ತ ಚಿಕ್ಕನಾಯಕನಹಳ್ಳಿಯವರೆಗೂ ಇದೇ ನೋಟ. ಮುಂಗಾರಿನ ಮಳೆ ಬಿದ್ದು ಹದಿನೈದು ದಿನ ಕಳೆಯುವಷ್ಟರಲ್ಲಿ ಮರಗಳ ನಡುವಣ ನೆಲವೆಲ್ಲ ಹಸಿರಾಗುತ್ತದೆ. ತುಂಬೆ, ಉತ್ತರಾಣಿ, ಅಣ್ಣೆ, ಗರಿಕೆ, ಕೊನ್ನಾರಿ ಇವೆಲ್ಲ ರೈತನ ಕಣ್ಣಿಗೆ ಕಳೆ. ಅವನು ಅವನ್ನು ಕಿತ್ತು ಬದುವಿನ ಮೇಲೆ ಎಸೆಯುತ್ತಾನೆ. ಒಣಗಿದ ಮೇಲೆ ಗರಿ, ಕುರಂಬಳೆಗಳೊಡನೆ ಗುಡ್ಡೆ ಮಾಡಿ ಬೆಂಕಿ ಹಚ್ಚುವುದೂ ಉಂಟು. ಅದೇ ರೈತ ಮರುವಾರ ಗೊಬ್ಬರದ ಅಂಗಡಿಯ ಮುಂದೆ ಹಣ ಹಿಡಿದು ನಿಂತಿರುತ್ತಾನೆ.

ಈ ಎರಡು ಕೆಲಸಗಳ ನಡುವಣ ವಿರೋಧವನ್ನು ಸ್ವಲ್ಪ ಆಲೋಚಿಸೋಣ. ಗಿಡವು ಇಂಗಾಲವನ್ನು ಗಾಳಿಯಿಂದ ಪಡೆಯುತ್ತದೆ, ನಿಜ. ಆದರೆ ಕಳೆಯ ಎಲೆಯಲ್ಲಿ ಅಡಗಿರುವ ರಂಜಕ, ಪೊಟ್ಯಾಷ್, ಬಹುಪಾಲು ಸಾರಜನಕ ನಮ್ಮ ತೋಟದ ಮಣ್ಣಿನಿಂದಲೇ ಹೋದವು. ಬೆಂಕಿಯಿಟ್ಟರೆ ಸಾರಜನಕ ಹೊಗೆಯೊಡನೆ ಹಾರಿಹೋಗುತ್ತದೆ. ಬೂದಿಯಲ್ಲಿ ಉಳಿದ ಪೊಟ್ಯಾಷ್ ಜಡಿಮಳೆಗೆ ಕೊಚ್ಚಿಹೋಗುತ್ತದೆ. ಅದೇ ಸೊಪ್ಪನ್ನು ನೀರಿನಲ್ಲಿ ನೆನೆಹಾಕಿದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಎಲೆಯ ಮೃದುಭಾಗವನ್ನು ಕೊಳೆಯಿಸಿ, ಅದರ ಸತ್ವವನ್ನು ನೀರಿಗೆ ಇಳಿಸುತ್ತವೆ. ಪೊಟ್ಯಾಷ್ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಅದು ಮೊದಲು ಹೊರಬರುತ್ತದೆ.

ಇದೇನೂ ಹೊಸ ವಿದ್ಯೆಯಲ್ಲ. ಸಂಸ್ಕೃತದ ವೃಕ್ಷಾಯುರ್ವೇದ ಗ್ರಂಥಗಳು ಮಾಂಸ, ಮಜ್ಜೆಗಳನ್ನು ಕೊಳೆಯಿಸಿ ಮಾಡುವ ಕುಣಪಜಲವೆಂಬ ದ್ರವಗೊಬ್ಬರವನ್ನು ವಿವರಿಸುತ್ತವೆ. ಕನ್ನಡದಲ್ಲಿ 1025ರ ಸುಮಾರಿಗೆ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿಯೂ ವೃಕ್ಷಾಯುರ್ವೇದಕ್ಕೆ ಸ್ಥಾನವಿದೆ. (ಇವನು ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ, ಚಾಲುಕ್ಯರ ಕಾಲದ ಮತ್ತೊಬ್ಬ.) ಯುರೋಪಿನ ಹಳ್ಳಿಗರು ಮುಟ್ಟಿದರೆ ಮೈ ಉರಿಸುವ, ನಮ್ಮ ತುರುಚೆಯಂಥ ಗಿಡವನ್ನು ನೀರಿನಲ್ಲಿ ಕೊಳೆಯಿಸಿ ತರಕಾರಿಗೆ ಎರೆಯುತ್ತಾರೆ.

ಮಾಡುವ ಬಗೆ ಕಷ್ಟದ್ದಲ್ಲ. 200 ಲೀಟರ್ ಹಿಡಿಸುವ ಒಂದು ಪ್ಲಾಸ್ಟಿಕ್ ಡ್ರಮ್ಮನ್ನು ನೆರಳಿನಲ್ಲಿ, ಕುಡಿಯುವ ನೀರಿನ ಬಾವಿಯಿಂದ ದೂರದಲ್ಲಿ ಇರಿಸಬೇಕು. ಸುಮಾರು 20 ಕಿಲೋ ಹಸಿಸೊಪ್ಪನ್ನು ಮಚ್ಚಿನಿಂದ ಸಣ್ಣಗೆ ಕೊಚ್ಚಿ ಹಾಕಬೇಕು. ಕಳೆಯ ಜೊತೆಗೆ ಹೊಂಗೆಸೊಪ್ಪು, ಎಕ್ಕ, ಬೇಲಿಯ ಗೊಬ್ಬರದ ಗಿಡದ ಸೊಪ್ಪು ಸೇರಿದರೆ ಒಳ್ಳೆಯದು. ಹೊಂಗೆ ಮತ್ತು ಗೊಬ್ಬರದ ಗಿಡ ದ್ವಿದಳ ಜಾತಿಯವಾದ್ದರಿಂದ ಅವುಗಳ ಎಲೆಯಲ್ಲಿ ಸಾರಜನಕ ಹೆಚ್ಚು. ನಾಲ್ಕೈದು ಕಿಲೋ ಸಗಣಿಯನ್ನು ಕಲಸಿ ಸುರಿದು, ಮುಕ್ಕಾಲು ಭಾಗ ನೀರು ತುಂಬಿಸಿ, ಬಾಯಿಗೆ ಒತ್ತಾದ ಬಟ್ಟೆ ಕಟ್ಟಬೇಕು. ಬಿಗಿಯಾದ ಮುಚ್ಚಳ ಕೂಡದು, ಒಳಗೆ ಹುಟ್ಟುವ ಅನಿಲ ಹೊರಹೋಗಬೇಕು. ತೆರೆದೂ ಬಿಡಕೂಡದು, ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ತೊಟ್ಟಿಲು ಬೇರೊಂದಿಲ್ಲ. ದಿನಕ್ಕೆರಡು ಸಲ ಉದ್ದನೆಯ ಕೋಲಿನಿಂದ ತಿರುವಿದರೆ ಗಾಳಿಯಾಡಿ ದುರ್ವಾಸನೆ ಕಡಿಮೆಯಾಗುತ್ತದೆ. ಪೂರ್ತಿ ಹೋಗುತ್ತದೆಂದು ಹೇಳಿದರೆ ಸುಳ್ಳಾದೀತು. ಎರಡು ಮೂರು ವಾರಗಳಲ್ಲಿ ನೀರು ಕಡುಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ಶೋಧಿಸಿ ಬಳಸಬಹುದು.

ಯಾವುದನ್ನು ಹಾಕಬಾರದೆಂಬುದೂ ತಿಳಿದಿರಬೇಕು. ಕಳೆನಾಶಕ ಸಿಂಪಡಿಸಿದ ಗಿಡ ಕೂಡದು. ಆ ವಿಷ ನೀರಿನಲ್ಲಿಯೂ ಉಳಿದು ಸಸಿಗಳನ್ನು ಕೊಲ್ಲಬಹುದು. ಬೀಜ ಕಟ್ಟಿದ ಕಳೆಯನ್ನೂ ಬಿಡಬೇಕು. 1955ರ ಸುಮಾರಿಗೆ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಮುಂದೆ ನಮ್ಮ ಬಯಲನ್ನೆಲ್ಲ ಆಕ್ರಮಿಸಿದ ಪಾರ್ಥೇನಿಯಂ, ಅಂದರೆ ನಮ್ಮ ಜನರ ‘ಕಾಂಗ್ರೆಸ್ ಗಿಡ’ವನ್ನು ಹೂ ಬಿಡುವ ಮುನ್ನ ಮಾತ್ರ, ಅದೂ ಕೈಗವಸು ತೊಟ್ಟು ಕೀಳಬೇಕು. ಅದರ ಸೋಂಕಿನಿಂದ ಚರ್ಮ ಕೆರಳಿ, ಉಬ್ಬಸ ಬಂದವರನ್ನು ನಾನು ಬಲ್ಲೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಬಿಡುವುದು ಮೇಲು. ಉಪಾಧ್ಯಾಯನಾಗಿದ್ದಾಗ ಶಾಲೆಯ ತೋಟದಲ್ಲಿ ಮಕ್ಕಳೊಡನೆ ಈ ಗೊಬ್ಬರವನ್ನು ಮೊದಲ ಬಾರಿಗೆ ಮಾಡಿದೆ. ಗಟ್ಟಿಯಾಗಿದ್ದಷ್ಟೂ ಗುಣ ಹೆಚ್ಚೆಂದು ಭಾವಿಸಿ, ನೀರು ಬೆರೆಸದೆ ಟೊಮ್ಯಾಟೊ ಸಸಿಗಳ ಬುಡಕ್ಕೆ ಎರೆಸಿದೆ. ಮೂರನೆಯ ದಿನ ಎಲೆಯ ಅಂಚುಗಳು ಸುಟ್ಟಂತಾಗಿ, ವಾರದೊಳಗೆ ಒಂದು ಪಾತಿಯೇ ಒಣಗಿತು. ಸಸಿಗಳಿಗೆ ದಿನವೂ ನೀರು ಹೊತ್ತ ಹುಡುಗಿಯೊಬ್ಬಳು, “ಮೇಷ್ಟ್ರೇ, ಗೊಬ್ಬರ ಹಾಕದೆ ಇದ್ದಿದ್ದರೆ ಬದುಕ್ತಿದ್ದವು ಅಲ್ವಾ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಬೇರಿನ ಹೊರಗೆ ಲವಣಾಂಶ ಅತಿಯಾದರೆ ಬೇರು ನೀರನ್ನು ಹೀರಲಾರದು ಎಂಬುದು ಪುಸ್ತಕದಿಂದ ನನಗೆ ತಿಳಿದೇ ಇತ್ತು. ಪಾತಿಯ ಮುಂದೆ ನೆನಪಾಗಲಿಲ್ಲ. ಒಂದು ಪಾಲು ಗೊಬ್ಬರಕ್ಕೆ ಹತ್ತು ಪಾಲು ನೀರು ಬೆರೆಸಿ, ಹಸಿಯಾದ ಮಣ್ಣಿಗೆ, ಸಂಜೆ ಎರೆಯಬೇಕು. ಸಗಣಿ ಸೇರಿರುವುದರಿಂದ ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಚಿಮುಕಿಸಬಾರದು.

ಹಾಗಾದರೆ ತೆಂಗಿಗೂ ಇದೇ ಸಾಕಲ್ಲವೆ ಎಂದು ಕೇಳುವವರಿದ್ದಾರೆ. ಕೆಲವರು ಹೌದೆಂದು ಸಾರುತ್ತಲೂ ಇದ್ದಾರೆ. ಲೆಕ್ಕ ಹಾಕಿ ನೋಡೋಣ. 20 ಕಿಲೋ ಹಸಿಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಒಣತೂಕ 4 ಕಿಲೋ. ಅದರ ನೂರರಲ್ಲಿ ಎರಡೂವರೆ ಪಾಲು ಸಾರಜನಕವೆಂದರೂ ದೊರೆಯುವುದು 100 ಗ್ರಾಂ. ಪೊಟ್ಯಾಷ್ ಕೂಡ ಹೆಚ್ಚುಕಡಿಮೆ ಅಷ್ಟೆ. ಫಲ ಕೊಡುವ ತೆಂಗಿನ ಮರವೊಂದಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕಾಂಶ, 1200 ಗ್ರಾಂ ಪೊಟ್ಯಾಷ್ ಬೇಕೆಂಬುದು ವಿಜ್ಞಾನಿಗಳ ಶಿಫಾರಸು. ಪೊಟ್ಯಾಷಿಗಾಗಿಯೇ ಮರವೊಂದಕ್ಕೆ ಹನ್ನೆರಡು ಡ್ರಮ್ ಬೇಕಾಯಿತು! 30 ಅಡಿ ಅಂತರದಲ್ಲಿ ನೆಟ್ಟ ಒಂದು ಎಕರೆಯಲ್ಲಿ ಸುಮಾರು 48 ಮರಗಳಿರುತ್ತವೆ. ಗುಣಿಸುವ ಕೆಲಸ ನಿಮ್ಮದು.

ನೀರುಮಜ್ಜಿಗೆ ದಣಿವನ್ನು ಆರಿಸುತ್ತದೆ. ಉಳುವವನ ಹೊಟ್ಟೆಗೆ ಮುದ್ದೆಯೇ ಬೇಕು. ಡ್ರಮ್ಮಿನ ನೀರು ಹಿತ್ತಿಲಿನ ತರಕಾರಿಗೆ, ಹೂಗಿಡಕ್ಕೆ, ಸಸಿಮಡಿಗೆ ಚೆನ್ನಾಗಿ ಒದಗುತ್ತದೆ. ತೆಂಗಿಗೆ ಬೇಕಾದುದು ರಾಶಿ ರಾಶಿ ಕೊಳೆಯುವ ವಸ್ತು: ಕೊಟ್ಟಿಗೆಗೊಬ್ಬರ, ಪಾತಿಯಲ್ಲಿ ಬಿತ್ತಿ ಹೂವಾಡುವ ಹೊತ್ತಿಗೆ ಮಣ್ಣಿಗೆ ಸೇರಿಸುವ ಸೆಣಬು, ಹುರುಳಿ, ಗುಂಡಿ ತೋಡಿ ಹೂಳುವ ತೆಂಗಿನ ಮಟ್ಟೆ. ಮಟ್ಟೆಯಲ್ಲಿ ಪೊಟ್ಯಾಷೂ ಇದೆ, ತೇವ ಹಿಡಿದಿಡುವ ಶಕ್ತಿಯೂ ಇದೆ. ಈ ಕೆಮ್ಮಣ್ಣಿನ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಗೊಬ್ಬರಕ್ಕಿಂತ ಆ ತೇವವೇ ಮರವನ್ನು ಉಳಿಸುತ್ತದೆ.

ನೀರನ್ನೆಲ್ಲ ಬಸಿದ ಮೇಲೆ ಡ್ರಮ್ಮಿನ ತಳದಲ್ಲಿ ನಾರು, ಕಡ್ಡಿ, ಚರಟ ಉಳಿಯುತ್ತದೆ. ಅದನ್ನು ಹತ್ತಿರದ ತೆಂಗಿನ ಪಾತಿಗೆ ಸುರಿದು, ಮೇಲೊಂದು ಗರಿ ಮುಚ್ಚಿ, ಡ್ರಮ್ಮಿಗೆ ಮತ್ತೆ ಹೊಸ ಸೊಪ್ಪು ತುಂಬಬಹುದು.