ಬಿಸಿಯಾದ ಮೇಲೆ ಕೈಕೊಡುವ ಕಳೆ ಮಿಷನ್

ಮಳೆ ಹಿಂದೆ ಸರಿದು ಅಡಿಕೆ, ಕಾಫಿ ತೋಟಗಳಲ್ಲಿ ಹುಲ್ಲು ಹೊಡೆಯುವ ಕೆಲಸ ಶುರುವಾಯಿತೆಂದರೆ ರಿಪೇರಿ ಅಂಗಡಿಗಳಿಗೆ ಈ ದೂರು ಬಂದೇ ಬರುತ್ತದೆ: ಬೆಳಗ್ಗೆ ಹಗ್ಗ ಎಳೆದರೆ ಸಾಕು, ಸ್ಟಾರ್ಟ್ ಆಗುತ್ತದೆ, ಅರ್ಧ ಗಂಟೆ ಓಡಿ ಬಿಸಿಯಾದರೆ ನಿಂತುಬಿಡುತ್ತದೆ, ತಣಿದ ಮೇಲೆ ಮತ್ತೆ ಸರಿ. ಅಂಗಡಿ ತಲುಪುವಷ್ಟರಲ್ಲಿ ಎಂಜಿನ್ ತಣಿದಿರುತ್ತದೆ, ಮೆಕ್ಯಾನಿಕ್ ಎದುರು ಚೆನ್ನಾಗಿಯೇ ಓಡುತ್ತದೆ. ಅವರು ಅಂದಾಜಿನ ಮೇಲೆ ಕಾರ್ಬೊರೇಟರ್ ತೊಳೆದು ಕಳಿಸುತ್ತಾರೆ. ಈ ದೋಷ ಹಿಡಿಯಬೇಕಾದ್ದು ತೋಟದಲ್ಲೇ, ಎಂಜಿನ್ ನಿಂತ ಐದು ನಿಮಿಷದೊಳಗೆ. ಪ್ಲಗ್ ಸ್ಪ್ಯಾನರ್, ಚೆನ್ನಾಗಿರುವ ಇನ್ನೊಂದು ಪ್ಲಗ್, ದಪ್ಪ ಕೈಗವಸು ಜೊತೆಯಲ್ಲಿರಲಿ. ಬೀಡಿ, ಬೆಂಕಿ ದೂರವಿರಲಿ.

ನಿಂತ ಕೂಡಲೇ ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ. ಟ್ಯಾಂಕಿಗೆ ಗಾಳಿ ಹೋಗಲು ಮುಚ್ಚಳದಲ್ಲೋ ಪಕ್ಕದ ಕೊಳವೆಯಲ್ಲೋ ಸಣ್ಣ ದಾರಿ ಇರುತ್ತದೆ. ಅದರಲ್ಲಿ ಕೊಳೆ ಕಟ್ಟಿಕೊಂಡರೆ ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕಿನೊಳಗೆ ನಿರ್ವಾತ ಹೆಚ್ಚಿ, ಕೊನೆಗೆ ಕಾರ್ಬೊರೇಟರಿಗೆ ಪೆಟ್ರೋಲ್ ಬರುವುದೇ ನಿಲ್ಲುತ್ತದೆ. ‘ಸುಂಯ್’ ಎಂದು ಗಾಳಿ ಒಳಗೆಳೆದು, ಮುಚ್ಚಳ ಬಿಗಿದು ಹಗ್ಗ ಎಳೆದಾಗ ಎಂಜಿನ್ ಹೊತ್ತಿಕೊಂಡರೆ ಕಾರಣ ಸಿಕ್ಕಿತು. ನಿಜಕ್ಕೆ ಇದಕ್ಕೂ ಬಿಸಿಗೂ ಸಂಬಂಧವೇ ಇಲ್ಲ. ಎರಡಕ್ಕೂ ಹಿಡಿಯುವ ಹೊತ್ತು ಒಂದೇ ಆದ್ದರಿಂದ ಬಿಸಿಯ ಮೇಲೆ ಅಪವಾದ ಬರುತ್ತದೆ, ಅಷ್ಟೆ.

ಹಾಗಾಗದಿದ್ದರೆ ಕಿಡಿ ನೋಡಿ. ಹಳೆಯ ಪ್ಲಗ್ ಬಿಚ್ಚಬೇಡಿ. ತೂತಿನಿಂದ ಪೆಟ್ರೋಲ್ ಚಿಮ್ಮಿ ಹೊತ್ತಿಕೊಳ್ಳಬಹುದು. ಅದರ ಕ್ಯಾಪ್ ಮಾತ್ರ ಕಳಚಿ ಇನ್ನೊಂದು ಪ್ಲಗ್ಗಿಗೆ ಸಿಕ್ಕಿಸಿ, ಆ ಪ್ಲಗ್ಗಿನ ಲೋಹದ ಭಾಗ ಎಂಜಿನ್ ಲೋಹಕ್ಕೆ ತಾಗಿರುವಂತೆ ಹಿಡಿದು ಹಗ್ಗ ಎಳೆಯಿರಿ. ತಣ್ಣಗಿರುವಾಗ ಚಟಚಟ ಬರುವ ನೀಲಿ ಕಿಡಿ ಬಿಸಿಯಲ್ಲಿ ಕಾಣದಿದ್ದರೆ ಅನುಮಾನ ಇಗ್ನಿಷನ್ ಕಾಯಿಲ್ ಮೇಲೆ. ಕಾಯಿಲ್ಲಿನೊಳಗೆ ಕೂದಲೆಳೆಯಂಥ ತಾಮ್ರದ ತಂತಿ ಸಾವಿರಾರು ಸುತ್ತು ಇರುತ್ತದೆ. ಬಿಸಿಗೆ ಅದು ಹಿಗ್ಗಿದಾಗ ಬಿರುಕು ಬಿಟ್ಟ ಜಾಗ ಬೇರ್ಪಡುತ್ತದೆ, ಇಲ್ಲವೇ ಹೊದಿಕೆ ಸೋತು ವಿದ್ಯುತ್ ಒಳಗೇ ಸೋರುತ್ತದೆ. ತಣಿದರೆ ಮತ್ತೆ ಕೂಡಿಕೊಳ್ಳುತ್ತದೆ. ಇದಕ್ಕೆ ರಿಪೇರಿ ಇಲ್ಲ, ಬದಲಿಸಬೇಕು. ಆದರೆ ದುಡ್ಡು ಕೊಡುವ ಮೊದಲು ಸ್ವಿಚ್ಚಿನಿಂದ ಕಾಯಿಲ್ಲಿಗೆ ಬರುವ ತಂತಿ ಕಳಚಿ ಇನ್ನೊಮ್ಮೆ ಪರೀಕ್ಷಿಸಿ. ಆ ತಂತಿ ಎಲ್ಲೋ ಸವೆದು ಲೋಹಕ್ಕೆ ತಾಗುತ್ತಿದ್ದರೂ ಕಿಡಿ ಹೋಗುತ್ತದೆ. ತಂತಿ ಕಳಚಿದಾಗ ಸ್ವಿಚ್ಚಿನಿಂದ ಎಂಜಿನ್ ಆರುವುದಿಲ್ಲ, ಚೋಕ್ ಎಳೆದು ಆರಿಸಬೇಕು. ಪರೀಕ್ಷೆ ಮುಗಿದ ಕೂಡಲೇ ಜೋಡಿಸಿಬಿಡಿ. ಹೊಸ ಕಾಯಿಲ್ ಕೂರಿಸುವಾಗ ಅದಕ್ಕೂ ಫ್ಲೈವೀಲ್‌ಗೂ ನಡುವೆ ಸಾಮಾನ್ಯವಾಗಿ 0.3 ಮಿ.ಮೀ. ಆಸುಪಾಸು ಸಂದು ಬೇಕು. ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿಯುವ ಮೆಕ್ಯಾನಿಕ್‌ಗಳ ಪದ್ಧತಿಯಲ್ಲಿ ಅರ್ಥವಿದೆ.

ಕಿಡಿ ಚೆನ್ನಾಗಿದ್ದರೆ ಆಗ ಹಳೆಯ ಪ್ಲಗ್ ಬಿಚ್ಚಿ. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ: ಫಿಲ್ಟರ್, ಪೈಪು, ಕಾರ್ಬೊರೇಟರಿನ ಡಯಾಫ್ರಂ ನೋಡಿಸಿ. ಒದ್ದೆಯಾಗಿದ್ದರೆ ಇನ್ನೊಂದು ಪ್ಲಗ್ ಹಾಕಿ ಎಳೆಯಿರಿ. ಆಗಲೂ ಹೊತ್ತಿಕೊಳ್ಳದೆ, ಹಗ್ಗ ಎಂದಿಗಿಂತ ಹಗುರಾಗಿ ಬಂದರೆ ಕಂಪ್ರೆಷನ್ ಹೋಗಿದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಟ್ಯಾಪೆಟ್ ಸಂದು ಕಡಿಮೆಯಾಗಿರಬಹುದು. ಬಿಸಿಗೆ ವಾಲ್ವ್ ಉದ್ದವಾಗಿ ಪೂರ್ತಿ ಮುಚ್ಚುವುದಿಲ್ಲ. ಹೋಂಡಾ ಜಿಎಕ್ಸ್35ರಲ್ಲಿ ಈ ಸಂದು ಇನ್‌ಲೆಟ್‌ಗೆ 0.08, ಎಕ್ಸಾಸ್ಟ್‌ಗೆ 0.11 ಮಿ.ಮೀ.; ಬೇರೆ ಎಂಜಿನ್‌ಗಳಿಗೆ ಕೈಪಿಡಿ ನೋಡಿ. ಅಳೆಯುವುದು ಮಾತ್ರ ಎಂಜಿನ್ ಪೂರ್ತಿ ತಣಿದ ಮೇಲೆ. ಟೂ ಸ್ಟ್ರೋಕ್‌ನಲ್ಲಾದರೆ ಪೆಟ್ರೋಲಿಗೆ ಬೆರೆಸಿದ ಎಣ್ಣೆ ಸಾಲದೆ ಪಿಸ್ಟನ್ ಗೀಚಿರುವ ಭಯವಿದೆ. 50:1 ಎಂದರೆ ಲೀಟರಿಗೆ 20 ಮಿ.ಲೀ. ಎಣ್ಣೆ, 25:1 ಎಂದರೆ 40 ಮಿ.ಲೀ. ನಿಮ್ಮ ಮಿಷನ್‌ಗೆ ಯಾವುದೆಂದು ಖಚಿತ ಮಾಡಿಕೊಳ್ಳಿ. ಕಣ್ಣಂದಾಜಿನಲ್ಲಿ ಎಣ್ಣೆ ಸುರಿಯುವವರ ಎಂಜಿನ್ ಬಾಳುವುದು ಕಡಿಮೆ.

ಓಡುತ್ತಲೇ ನಿಲ್ಲುವುದು ಬೇರೆ, ಚಹಾಕ್ಕೆಂದು ನೀವೇ ಆರಿಸಿದ್ದು ಮತ್ತೆ ಹೊತ್ತಿಕೊಳ್ಳದಿರುವುದು ಬೇರೆ. ಎರಡನೆಯದರಲ್ಲಿ ಫ್ಯಾನಿನ ಗಾಳಿ ನಿಂತು, ಸಿಲಿಂಡರಿನ ಬಿಸಿ ಕಾರ್ಬೊರೇಟರಿಗೆ ಏರಿ ಪೆಟ್ರೋಲ್ ಆವಿಯಾಗಿರುತ್ತದೆ. ಆರಿಸುವ ಮೊದಲು ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು, ನೆರಳಲ್ಲಿಡಿ. ಮತ್ತೆ ಎಳೆಯುವ ಮುಂಚೆ ಪ್ರೈಮರ್ ಬಲ್ಬ್ ಕೆಲವು ಸಲ ಒತ್ತಿದರೆ ತಣ್ಣನೆಯ ಪೆಟ್ರೋಲ್ ಬರುತ್ತದೆ.

ದೋಷ ಯಾವುದೇ ಇರಲಿ, ಸಿಲಿಂಡರಿನ ಫಿನ್‌ಗಳ ನಡುವೆ ಹುಲ್ಲಿನ ಹೊಟ್ಟು ಎಣ್ಣೆಯೊಂದಿಗೆ ಗಟ್ಟಿಯಾಗಿ ಕೂತಿದ್ದರೆ ಎಂಜಿನ್ ಅಳತೆ ಮೀರಿ ಕಾಯುತ್ತದೆ. ತಣಿದ ಮೇಲೆ ಮೇಲಿನ ಕವಚ ಬಿಚ್ಚಿ ಮರದ ಕಡ್ಡಿಯಿಂದ ಕೆರೆದು, ಬ್ರಷ್ ಹಾಕಿ. ಸೈಲೆನ್ಸರಿನ ಬಾಯಲ್ಲಿ ಸಣ್ಣ ಜಾಲರಿ ಇದ್ದರೆ ಅದರ ಮಸಿಯನ್ನೂ ತೆಗೆಯಿರಿ. ಇಷ್ಟಾದ ಮೇಲೂ ಅಂಗಡಿಗೆ ಹೋಗಬೇಕಾಗಿ ಬಂದರೆ ‘ಬಿಸಿಗೆ ನಿಲ್ಲುತ್ತದೆ’ ಎನ್ನುವ ಬದಲು ‘ನಿಂತಾಗ ಕಿಡಿ ಇರಲಿಲ್ಲ’ ಎಂದೋ ‘ಕಿಡಿ ಇತ್ತು, ಪ್ಲಗ್ ಒಣಗಿತ್ತು’ ಎಂದೋ ಹೇಳಿ. ಮೆಕ್ಯಾನಿಕ್ ಬಿಚ್ಚಬೇಕಾದ ಜಾಗವನ್ನೇ ಬಿಚ್ಚುತ್ತಾನೆ.